ಅಂಗೈಯಗಲದ ಸ್ಟೀರಿಯೋಸ್ಕೋಪ್, ಪೇನೆಮುಂಡೆಯ ಜೋಡಿ ಚಿತ್ರ: ಆರು ತಿಂಗಳು ಬಳಸಿದ ಮೇಲೆ

ಮಡಚಿದರೆ ಜೇಬಿಗೆ ಹೋಗುತ್ತದೆ. ನಾಲ್ಕು ತಂತಿ ಕಾಲು, ಅದರ ಮೇಲೊಂದು ಪಟ್ಟಿ, ಪಟ್ಟಿಯಲ್ಲಿ ಎರಡು ಲೆನ್ಸ್. ಅಷ್ಟೇ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ, ಚಾರ್ಜರ್ ಇಲ್ಲ. ಇದರ ಹೆಸರು ಪಾಕೆಟ್ ಸ್ಟೀರಿಯೋಸ್ಕೋಪ್. ವಿಮಾನದಿಂದ ತೆಗೆದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಇದರ ಮೂಲಕ ನೋಡಿದರೆ, ಕಾಗದದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಊರು ಎದ್ದು ನಿಲ್ಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಚಿತ್ರ ಓದುವವರ ಮೇಜಿನ ಮೇಲೆ ಇದ್ದದ್ದು ಇಂಥದೇ ಸಾಧನ. ಆರು ತಿಂಗಳಿಂದ ನನ್ನ ಮೇಜಿನ ಮೇಲೂ ಇದೆ. ಕನ್ನಡದಲ್ಲಿ ಇದರ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ಭೂವಿಜ್ಞಾನ ಓದುವಾಗ ನಾವು ಕನ್ನಡಿ ಇರುವ ದೊಡ್ಡ ಸ್ಟೀರಿಯೋಸ್ಕೋಪ್ ಬಳಸುತ್ತಿದ್ದೆವು. ಇಡೀ ಬ್ಯಾಚಿಗೆ ಎರಡೋ ಮೂರೋ ಇದ್ದವು. ಚಿತ್ರಗಳ ಮೇಲೆ ‘ನಿರ್ಬಂಧಿತ’ ಎಂಬ ಮುದ್ರೆ ಇರುತ್ತಿತ್ತು, ನೋಡಿ ಮುಗಿದ ಮೇಲೆ ಎಣಿಸಿ ವಾಪಸ್ ಕೊಡಬೇಕಿತ್ತು. ಕಲ್ಲಿನ ಪದರ, ಬಿರುಕು, ಹಳ್ಳದ ದಿಕ್ಕು ಗುರುತಿಸುವುದನ್ನು ಕಲಿತದ್ದು ಅದರಲ್ಲೇ. ಈ ವಿದ್ಯೆಯ ಬಹುಪಾಲು ಯುದ್ಧದಲ್ಲಿ ಬೆಳೆದದ್ದು ಅಂತ ಆಗ ಯಾರೂ ಹೇಳಿರಲಿಲ್ಲ. ಕೆಲಸ, ಸಂಸಾರ ಎಲ್ಲ ಮುಗಿಸಿ ಈಗ ಪುರುಸೊತ್ತು ಸಿಕ್ಕಿದೆ. ಯುದ್ಧಕಾಲದ ಚಿತ್ರಗಳನ್ನು ನಾನೇ ಕೂತು ಓದಿ ನೋಡಬೇಕು ಅನ್ನಿಸಿತು.

ಕೊಳ್ಳುವ ಕಥೆ ಮೊದಲು. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ ಮೊದಲನೆಯದು ಸರಿ ಇರಲಿಲ್ಲ. ಲೆನ್ಸ್ ಗಾಜಿನದು ಅಂತ ಬರೆದಿದ್ದರು, ಬಂದದ್ದು ಪ್ಲಾಸ್ಟಿಕ್. ಒಂದು ಕಾಲು ಉಳಿದ ಮೂರಕ್ಕಿಂತ ಒಂದೆರಡು ಮಿಲಿಮೀಟರ್ ಗಿಡ್ಡ. ಅಷ್ಟಕ್ಕೇನು ಅನ್ನಬೇಡಿ. ಈ ಸಾಧನದ ಜೀವವೇ ಆ ಎತ್ತರದಲ್ಲಿದೆ, ಲೆನ್ಸಿನಿಂದ ಕಾಗದಕ್ಕೆ ಇರಬೇಕಾದ ದೂರವನ್ನು ಕಾಲುಗಳೇ ಹಿಡಿದಿಡಬೇಕು. ಪಟ್ಟಿ ವಾಲಿದರೆ ಎರಡು ಕಣ್ಣಿಗೂ ಬೇರೆ ಬೇರೆ ಎತ್ತರದ ಚಿತ್ರ ಹೋಗುತ್ತದೆ, ಹತ್ತು ನಿಮಿಷಕ್ಕೆ ತಲೆನೋವು ಶುರು. ವಾಪಸ್ ಮಾಡಲು ಮೂರು ವಾರ ಹಿಡಿಯಿತು. ಎರಡನೆಯದನ್ನು ಬೇರೆ ಕಡೆಯಿಂದ ತರಿಸಿದೆ, ಬೆಲೆ ಹೆಚ್ಚುಕಮ್ಮಿ ದುಪ್ಪಟ್ಟು. ಅದೇ ಈಗ ಇರುವುದು. ಗಾಜಿನ ಲೆನ್ಸ್, ಎರಡು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಎರಡು ಲೆನ್ಸಿನ ನಡುವಿನ ಅಂತರವನ್ನು ನಮ್ಮ ಕಣ್ಣಿಗೆ ತಕ್ಕ ಹಾಗೆ ಜರುಗಿಸಬಹುದು. ಈ ಜರುಗಿಸುವ ಸೌಲಭ್ಯ ಇಲ್ಲದ್ದನ್ನು ಮಾತ್ರ ಕೊಳ್ಳಲೇಬೇಡಿ. ಒಬ್ಬೊಬ್ಬರ ಕಣ್ಣಿನ ನಡುವಿನ ಅಂತರ ಒಂದೊಂದು ಥರ. ನನ್ನದು 61 ಮಿಲಿಮೀಟರ್, ಮಗಳದು 58.

ಇನ್ನು ಪ್ರಿಂಟು. ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದರೆ ಚುಕ್ಕಿಗಳೇ ಎದ್ದು ಕಾಣುತ್ತವೆ, ಲೆನ್ಸ್ ಅದನ್ನೂ ದೊಡ್ಡದು ಮಾಡುತ್ತದಲ್ವಾ. ಸ್ಟುಡಿಯೋದಲ್ಲಿ ಮ್ಯಾಟ್ ಕಾಗದದ ಮೇಲೆ ಹಾಕಿಸಿ. ಹೊಳೆಯುವ ಕಾಗದದಲ್ಲಿ ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆಯುತ್ತದೆ. ಎರಡು ಚಿತ್ರದಲ್ಲೂ ಇರುವ ಒಂದು ಗುರುತು ಹುಡುಕಿ, ಚಿಮಣಿಯೋ ರಸ್ತೆ ಕೂಡುವ ಜಾಗವೋ ಯಾವುದಾದರೂ ಸರಿ. ಆ ಎರಡು ಗುರುತಿನ ನಡುವೆ ಸುಮಾರು ಆರು ಸೆಂಟಿಮೀಟರ್ ಬರುವಂತೆ ಚಿತ್ರಗಳನ್ನು ಇಟ್ಟು, ಮೇಲೆ ಸ್ಟೀರಿಯೋಸ್ಕೋಪ್ ನಿಲ್ಲಿಸಿ ಬಗ್ಗಿ ನೋಡಿ. ಮೊದಲು ಎರಡೆರಡು ಕಾಣುತ್ತದೆ. ಗಾಬರಿಯಾಗಬೇಡಿ. ಒಂದು ಚಿತ್ರವನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಜರುಗಿಸುತ್ತಾ ಇರಿ, ಒಂದು ಹೊತ್ತಿನಲ್ಲಿ ಎರಡೂ ಥಟ್ ಅಂತ ಕೂಡಿಕೊಳ್ಳುತ್ತವೆ. ಮನೆಗಳ ಸೂರು ಮೇಲೆ ಬರುತ್ತದೆ, ಕಾಲುವೆ ಕೆಳಗಿಳಿಯುತ್ತದೆ, ಮರಗಳು ಪೊದೆ ಪೊದೆಯಾಗಿ ನಿಲ್ಲುತ್ತವೆ. ಎಷ್ಟು ಸಲ ನೋಡಿದರೂ ಆ ಕ್ಷಣಕ್ಕೆ ಉಸಿರು ಬಿಗಿಹಿಡಿಯುತ್ತೇನೆ.

ಒಂದು ಎಚ್ಚರ. ಎಡದ ಚಿತ್ರ ಬಲಕ್ಕೆ, ಬಲದ್ದು ಎಡಕ್ಕೆ ಹೋದರೆ ಲೋಕವೇ ತಲೆಕೆಳಗಾಗುತ್ತದೆ. ಬಾಂಬು ಬಿದ್ದ ಗುಂಡಿಗಳೆಲ್ಲ ಹುತ್ತದ ಹಾಗೆ ಮೇಲೇಳುತ್ತವೆ, ನದಿ ಏರಿಯ ಮೇಲೆ ಹರಿಯುತ್ತದೆ. ಹಾಗೆಯೇ ನೆರಳು ನಮ್ಮ ಕಡೆಗೆ ಬೀಳುವಂತೆ ಚಿತ್ರ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಕಣ್ಣು ದಿಣ್ಣೆಯನ್ನು ಗುಂಡಿ ಅಂತಲೇ ನಂಬುತ್ತದೆ. ಯುದ್ಧಕಾಲದಲ್ಲಿ ನೆರಳು ಅಂದರೆ ಅರ್ಧ ಸಾಕ್ಷಿ. ಚಿತ್ರ ತೆಗೆದ ದಿನ, ಗಂಟೆ, ಜಾಗ ಗೊತ್ತಿದ್ದರೆ ನೆರಳಿನ ಉದ್ದದಿಂದ ಗೋಪುರದ ಎತ್ತರ ಲೆಕ್ಕ ಹಾಕಬಹುದು. ಮೇಲಿಂದ ಸುಮ್ನೆ ಒಂದು ಚುಕ್ಕಿಯಂತೆ ಕಾಣುವ ಕಂಬ, ನೆರಳಿನಲ್ಲಿ ತನ್ನ ಪೂರ್ತಿ ಆಕಾರ ತೋರಿಸುತ್ತದೆ.

ಈ ಜೋಡಿ ಚಿತ್ರಗಳು ಹುಟ್ಟಿದ್ದು ಹೇಗೆ ಅಂತ ತಿಳಿದುಕೊಂಡರೆ ನೋಡುವ ರುಚಿಯೇ ಬೇರೆ. 1939ರ ಆಗಸ್ಟಿನಲ್ಲಿ ಮಾರಿಸ್ ಲಾಂಗ್‌ಬಾಟಮ್ ಎಂಬ ಬ್ರಿಟಿಷ್ ವಾಯುಪಡೆಯ ಯುವ ಅಧಿಕಾರಿ ಒಂದು ಟಿಪ್ಪಣಿ ಬರೆದ. ದೊಡ್ಡ ನಿಧಾನದ ವಿಮಾನ ಬೇಡ, ಬಂದೂಕೂ ಬೇಡ, ಭಾರ ಎಲ್ಲ ಕಿತ್ತು ಕ್ಯಾಮೆರಾ ಮತ್ತು ಜಾಸ್ತಿ ಪೆಟ್ರೋಲ್ ತುಂಬಿದ ಒಂದು ಸ್ಪಿಟ್‌ಫೈರ್ ಯುದ್ಧವಿಮಾನ ಕೊಡಿ, ಎತ್ತರ ಮತ್ತು ವೇಗವೇ ರಕ್ಷಣೆ ಎಂಬುದು ಅವನ ವಾದ. ಆ ಮಾತು ಕೈಗೂಡುವಂತೆ ಮಾಡಿದವನು ಸಿಡ್ನಿ ಕಾಟನ್, ಆಸ್ಟ್ರೇಲಿಯಾದವನು. ಯುದ್ಧಕ್ಕೆ ಮೊದಲೇ ಖಾಸಗಿ ಲಾಕ್‌ಹೀಡ್ ವಿಮಾನದ ಹೊಟ್ಟೆಯಲ್ಲಿ ಕ್ಯಾಮೆರಾ ಅಡಗಿಸಿ ಜರ್ಮನಿಯ ಮೇಲೆ ಹಾರಿ ಬಂದಿದ್ದ. ಎತ್ತರಕ್ಕೆ ಹೋದರೆ ಲೆನ್ಸ್ ಮಂಜುಗಟ್ಟುತ್ತದೆ ಎಂಬ ತಲೆನೋವಿಗೆ, ವಿಮಾನದ ಒಳಗಿನ ಬೆಚ್ಚನೆಯ ಗಾಳಿಯೇ ಲೆನ್ಸಿನ ಮೇಲೆ ಹಾಯುವ ಹಾಗೆ ಮಾಡಿ ದಾರಿ ಕಂಡುಕೊಂಡಿದ್ದ. 1939ರ ನವೆಂಬರ್ 18ರಂದು ಲಾಂಗ್‌ಬಾಟಮ್ ತಾನೇ ಫ್ರಾನ್ಸಿನಿಂದ ಮೊದಲ ಸ್ಪಿಟ್‌ಫೈರ್ ಒಯ್ದ, ಜರ್ಮನಿಯ ಆಖೆನ್ ಕಡೆಗೆ. ಆಮೇಲೆ ಮರದ ಮೈಯ ಮಸ್ಕಿಟೋ ವಿಮಾನಗಳೂ ಈ ಕೆಲಸಕ್ಕೆ ಬಂದವು.

ಲೆಕ್ಕ ನೋಡಿ. 36 ಇಂಚು ಫೋಕಲ್ ದೂರದ ಲೆನ್ಸ್, 30,000 ಅಡಿ ಎತ್ತರ. ಆಗ ಚಿತ್ರದ ಅಳತೆ 10,000ಕ್ಕೆ ಒಂದು. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್, ನೆಲದ ಮೇಲೆ ಹತ್ತು ಮೀಟರ್. ಒಂದು ಚಿತ್ರ ಮುಂದಿನದರ ಮೇಲೆ ನೂರಕ್ಕೆ 60 ಭಾಗ ಹೊದ್ದುಕೊಳ್ಳುವ ಹಾಗೆ ಕ್ಯಾಮೆರಾ ತಾನೇ ನಾಲ್ಕೈದು ಸೆಕೆಂಡಿಗೊಮ್ಮೆ ತೆಗೆಯುತ್ತಾ ಹೋಗುತ್ತದೆ, ಅಷ್ಟರಲ್ಲಿ ವಿಮಾನ ಏಳುನೂರು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ನನ್ನ ಎಡಗಣ್ಣು ಜರ್ಮನಿಯ ಆಕಾಶದಲ್ಲಿ ಒಂದು ಕಡೆ, ಬಲಗಣ್ಣು ಅಲ್ಲಿಂದ ಏಳುನೂರು ಮೀಟರ್ ಆಚೆ! ಮನೆ, ಗುಡ್ಡ ಎಲ್ಲ ಇರುವುದಕ್ಕಿಂತ ಎತ್ತರವಾಗಿ ಕಾಣುವುದು ಇದಕ್ಕೇ. ಆ ಐದು ಸೆಕೆಂಡು ಪೈಲಟ್ ವಿಮಾನವನ್ನು ಅಲುಗಾಡಿಸದೆ ನೇರ ಒಯ್ಯಬೇಕು. ಕೈಯಲ್ಲಿ ಬಂದೂಕಿಲ್ಲ, ಜೊತೆಗೆ ಯಾರೂ ಇಲ್ಲ, ಕಾಕ್‌ಪಿಟ್ಟಿನಲ್ಲಿ ಮೂಳೆ ಕೊರೆಯುವ ಚಳಿ. ಎರಡು ಚಿತ್ರಗಳ ನಡುವಿನ ಆ ಸಣ್ಣ ವ್ಯತ್ಯಾಸವೇ ನಾನು ನೋಡುವ ಎತ್ತರ ಅಂತ ಗೊತ್ತಾದ ದಿನ, ಈ ಕಾಗದಗಳನ್ನು ಮುಟ್ಟುವ ಕೈ ಮೃದುವಾಯಿತು.

ಎಲ್ಲರೂ ಎತ್ತರದಿಂದಲೇ ತೆಗೆಯಲಿಲ್ಲ. 1941ರ ಡಿಸೆಂಬರ್ 5ರಂದು ಟೋನಿ ಹಿಲ್ ಎಂಬ ಪೈಲಟ್ ಫ್ರಾನ್ಸಿನ ಬ್ರೂನೆವಾಲ್ ಕಡಲಂಚಿನ ಬಂಡೆಯ ಪಕ್ಕಕ್ಕೆ ಮರದ ತುದಿಯ ಮಟ್ಟದಲ್ಲಿ ನುಗ್ಗಿ ಜರ್ಮನ್ನರ ವ್ಯೂರ್ಟ್ಸ್‌ಬರ್ಗ್ ರೇಡಾರನ್ನು ಓರೆಯಿಂದ ಹಿಡಿದ. ಬೋಗುಣಿ ಆಕಾರದ, ಒಂದು ಬಂಗಲೆಯ ಎದುರು ನಿಂತ ರೇಡಾರ್ ಅದು. ಆ ಚಿತ್ರ ಇಟ್ಟುಕೊಂಡೇ 1942ರ ಫೆಬ್ರವರಿ ಕೊನೆಯಲ್ಲಿ ಪ್ಯಾರಾಚೂಟ್ ಸೈನಿಕರು ಇಳಿದು ರೇಡಾರಿನ ಭಾಗಗಳನ್ನೇ ಬಿಚ್ಚಿಕೊಂಡು ಬಂದರು.

ಆದರೆ ನನ್ನ ಮನಸ್ಸು ಇರುವುದು ಪೈಲಟ್‌ಗಳಿಗಿಂತ ಮೇಜಿನ ಮುಂದೆ ಕೂತವರ ಮೇಲೆ. ಥೇಮ್ಸ್ ದಂಡೆಯ ಮೆಡ್ಮನ್‌ಹ್ಯಾಮ್‌ನಲ್ಲಿ ಡೇನ್ಸ್‌ಫೀಲ್ಡ್ ಹೌಸ್ ಎಂಬ ದೊಡ್ಡ ಬಂಗಲೆ ಇದೆ, ಈಗ ಹೋಟೆಲು. 1941ರಿಂದ ಬ್ರಿಟನ್ನಿನ ಚಿತ್ರ ಓದುವ ಕೇಂದ್ರ ಅಲ್ಲಿತ್ತು. 1945ರ ಹೊತ್ತಿಗೆ ದಿನಕ್ಕೆ ಸರಾಸರಿ 25,000 ನೆಗೆಟಿವ್, 60,000 ಪ್ರಿಂಟು ಬರುತ್ತಿದ್ದವು. ಕೆಲಸ ಮೂರು ಹಂತದ್ದು. ವಿಮಾನ ಇಳಿದ ಕೆಲವೇ ಗಂಟೆಯಲ್ಲಿ ತುರ್ತು ವಿಷಯ, ಹಡಗು ಎಲ್ಲಿದೆ, ರೈಲು ಹೊರಟಿತಾ ಅನ್ನುವಂಥದ್ದು. ಒಂದು ದಿನದೊಳಗೆ ಎರಡನೇ ವರದಿ. ಮೂರನೆಯದು ನಿಧಾನದ್ದು, ಒಂದೊಂದು ವಿಷಯಕ್ಕೆ ಒಂದೊಂದು ತಂಡ: ವಿಮಾನ, ಹಡಗು, ಕಾರ್ಖಾನೆ, ರೈಲು, ಮರೆಮಾಚುವಿಕೆ. ಕೂತಿದ್ದವರೆಲ್ಲ ವೃತ್ತಿಯಿಂದ ಸೈನಿಕರೇ ಆಗಿರಲಿಲ್ಲ. ಪುರಾತತ್ವದ ಡೊರೊತಿ ಗ್ಯಾರಡ್, ಗ್ಲಿನ್ ಡೇನಿಯಲ್ ಇದ್ದರು. ಚರ್ಚಿಲ್ಲರ ಮಗಳು ಸಾರಾ ಇದ್ದಳು, ನಟಿ. ಹೆಂಗಸರು ಗಂಡಸರ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡಿದರು. ಪುರಾತತ್ವದವರು ಯಾಕೆ ಅಂದರೆ, ಮಣ್ಣಿನ ಮೇಲಿನ ಸಣ್ಣ ಗುರುತು ನೋಡಿ ಇಲ್ಲಿ ಏನೋ ನಡೆದಿದೆ ಅನ್ನುವ ಅಭ್ಯಾಸ ಅವರಿಗೆ ಮೊದಲೇ ಇತ್ತು.

ಈಗ ಪೇನೆಮುಂಡೆ. ಬಾಲ್ಟಿಕ್ ಕಡಲತೀರದಲ್ಲಿ ಜರ್ಮನ್ನರು ರಾಕೆಟ್ ಪರೀಕ್ಷಿಸುತ್ತಿದ್ದ ಜಾಗ. 1942ರ ಮೇ 15ರಂದು ಡೊನಾಲ್ಡ್ ಸ್ಟೀವೆಂಟನ್ ಎಂಬ ಪೈಲಟ್ ಬೇರೆ ಕಡೆಗೆ ಹೋಗುವಾಗ ಅಲ್ಲಿ ವಿಮಾನ ನಿಲ್ದಾಣದ ಕೆಲಸ ಕಂಡು ಕ್ಯಾಮೆರಾ ಹಾಕಿದ. ದೊಡ್ಡ ದೊಡ್ಡ ಉಂಗುರದಂಥ ಆಕಾರ ಬಂದವು. ಏನು ಅಂತ ಯಾರಿಗೂ ತಿಳಿಯಲಿಲ್ಲ, ಚಿತ್ರ ಕಪಾಟು ಸೇರಿತು. ನನ್ನ ಹತ್ತಿರ ಇರುವ ಜೋಡಿ 1943ರದ್ದು. ಸ್ಟೀರಿಯೋಸ್ಕೋಪ್ ಇಲ್ಲದೆ ನೋಡಿದರೆ ಕಾಡಿನ ನಡುವೆ ಮೊಟ್ಟೆಯಾಕಾರದ ಒಂದು ಬಿಳಿ ಗೆರೆ, ಓಟದ ಮೈದಾನ ಅಂದರೂ ನಂಬಬಹುದು. ಲೆನ್ಸಿನಲ್ಲಿ ನೋಡಿ. ಗೆರೆ ಅನ್ನಿಸಿದ್ದು ಮಣ್ಣಿನ ದಿಬ್ಬ, ನಮ್ಮ ಕೆರೆ ಏರಿಯ ಹಾಗೆ ಸುತ್ತಲೂ ಎದ್ದು ನಿಂತಿದೆ. ಅಷ್ಟು ದೊಡ್ಡ ಏರಿ, ಒಳಗೆ ನೀರಿಲ್ಲ. ಒಳಗೆ ಏನಾದರೂ ಸಿಡಿದರೆ ಹೊರಗೆ ಹರಡದಿರಲಿ ಅಂತ ಕಟ್ಟಿದ್ದಿರಬೇಕು ಅಂತ ನನ್ನಂಥವಳಿಗೂ ಅನ್ನಿಸಿತು. ಆ ಏರಿಯ ಒಳಗೇ ವಿ-2 ರಾಕೆಟ್ ಪರೀಕ್ಷೆ ನಡೆಯುತ್ತಿತ್ತು. 1943ರ ಜೂನಿನ ಚಿತ್ರಗಳಲ್ಲಿ ರಾಕೆಟ್ಟೇ ಕಂಡಿತು. ಆಗಸ್ಟ್ 17ರ ರಾತ್ರಿ 596 ಬಾಂಬರ್‌ಗಳು ಹೋದವು, 40 ವಾಪಸ್ ಬರಲಿಲ್ಲ. ಪಕ್ಕದ ಶಿಬಿರದಲ್ಲಿ ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದ ನೂರಾರು ವಿದೇಶಿ ಕೂಲಿಗಳೂ ಆ ರಾತ್ರಿ ಸತ್ತರು. ಚಿತ್ರದಲ್ಲಿ ಸಾಲುಸಾಲು ಶೆಡ್ಡು ಕಂಡಾಗೆಲ್ಲ ನನಗೆ ಅವರೇ ನೆನಪಾಗುತ್ತಾರೆ.

ಇನ್ನೊಂದು ಪ್ರಿಂಟು ಅದೇ ಜಾಗದ ಕಡಲಂಚಿನದು. 1943ರ ನವೆಂಬರ್ 28ರಂದು ಜಾನ್ ಮೆರಿಫೀಲ್ಡ್ ಎಂಬ ಪೈಲಟ್ ಬರ್ಲಿನ್ನಿಗೆ ಹೋದ. ಅಲ್ಲಿ ಮೋಡ. ವಾಪಸ್ ಬರುವಾಗ ಬಾಲ್ಟಿಕ್ ತೀರದ ಜಾಗಗಳ ಚಿತ್ರ ತೆಗೆದುಕೊಂಡು ಬಂದ. ಮೆಡ್ಮನ್‌ಹ್ಯಾಮ್‌ನಲ್ಲಿ ವಿಮಾನಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್. ಪೇನೆಮುಂಡೆಯಲ್ಲಿ ಚಿಕ್ಕದೊಂದು ವಿಮಾನ ಹುಡುಕಿ ಎಂದು ಅವರಿಗೆ ಹೇಳಿದ್ದರು, ಸುಮಾರು 20 ಅಡಿ ರೆಕ್ಕೆಯದೊಂದು ಹಳೆಯ ಚಿತ್ರದಲ್ಲಿ ಅವರಿಗೆ ಆಗಲೇ ಸಿಕ್ಕಿತ್ತು. ಈಗ ಕಡಲಂಚಿನಲ್ಲಿ ಇಳಿಜಾರಾಗಿ ನಿಂತ ಹಳಿಗಳ ಮೇಲೆ ಅದೇ ಕೂತಿತ್ತು, ಹಾರಲು ತಯಾರಾಗಿ. ವಿ-1, ಪೈಲಟ್ ಇಲ್ಲದೆ ಹಾರುವ ಬಾಂಬು. ಆ ಹಳಿಯ ಕಟ್ಟಣೆಯನ್ನು ಬೇರೆಯವರು ಅದಕ್ಕೂ ಮೊದಲೇ ನೋಡಿದ್ದರು, ಹೂಳೆತ್ತುವ ಯಂತ್ರಕ್ಕೆ ಸಂಬಂಧಪಟ್ಟದ್ದು ಅಂತ ಬರೆದಿಟ್ಟಿದ್ದರು. ಉತ್ತರ ಫ್ರಾನ್ಸಿನ ತೋಪುಗಳಲ್ಲಿ ಆಗ ತಾನೇ ಏಳುತ್ತಿದ್ದ, ಸ್ಕೀ ಪಟ್ಟಿಯ ಹಾಗೆ ತುದಿ ಬಾಗಿದ ಕಟ್ಟಡಗಳ ಪಕ್ಕದಲ್ಲಿ ಇಂಥದೇ ಇಳಿಜಾರು, ಮುಖ ಲಂಡನ್ ಕಡೆಗೆ. ಎರಡೂ ತಾಳೆಯಾಯಿತು. ಆ ನೆಲೆಗಳ ಮೇಲೆ ಬಾಂಬು ಬಿದ್ದು, ವಿ-1 ಲಂಡನ್ನಿಗೆ ಬರುವುದು 1944ರ ಜೂನ್ 13ರವರೆಗೆ ತಡವಾಯಿತು.

ನನ್ನ ಪ್ರಿಂಟಿನಲ್ಲಿ ಅದನ್ನು ಹುಡುಕಲು ಮೂರು ಸಂಜೆ ಬೇಕಾಯಿತು. ಎಲ್ಲಿದೆ ಅಂತ ಗೊತ್ತಿದ್ದೂ! ಹತ್ತು ಸಾವಿರಕ್ಕೆ ಒಂದರ ಅಳತೆಯಲ್ಲಿ ವಿ-1ರ ರೆಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ಒಂದು ರಾಗಿ ಕಾಳಿಗಿಂತ ಚಿಕ್ಕದು. ಎರಡು ಪಟ್ಟು ತೋರಿಸುವ ನನ್ನ ಸ್ಟೀರಿಯೋಸ್ಕೋಪಿನಲ್ಲಿ ಸಣ್ಣ ಬಿಳಿ ಅಡ್ಡಗೀರು, ಧೂಳೋ ಅನ್ನುವಷ್ಟು. ಜೊತೆಗೆ ಗಡಿಯಾರ ರಿಪೇರಿಯವರ ಭೂತಕನ್ನಡಿ ಇಟ್ಟುಕೊಂಡ ಮೇಲೆಯೇ ಶಿಲುಬೆಯ ಆಕಾರ ಬಂತು. ಇಂಥ ಚುಕ್ಕಿಯನ್ನು ದಿನಕ್ಕೆ ನೂರಾರು ಚಿತ್ರದ ನಡುವೆ, ಉತ್ತರ ಗೊತ್ತಿಲ್ಲದೆ ಹುಡುಕುವುದು ಅಂದರೆ ಏನು ಅಂತ ಓದಿ ತಿಳಿಯುವುದಲ್ಲ. ಕೂತು ಕತ್ತು ನೋಯಿಸಿಕೊಂಡರೆ ತಿಳಿಯುತ್ತದೆ. ಈ ಸಾಮಾನಿಗೆ ಕೊಟ್ಟ ದುಡ್ಡು ಆ ಮೂರು ಸಂಜೆಯಲ್ಲೇ ನನಗೆ ವಾಪಸ್ ಬಂತು.

ಕಾಣುವುದು ಬೇರೆ, ಗೊತ್ತಾಗುವುದು ಬೇರೆ. ಇದನ್ನು ಬರೆಯದೆ ಈ ವಿಮರ್ಶೆ ಮುಗಿಸಲಾರೆ. 1944ರ ಏಪ್ರಿಲ್ 4ರಂದು ದಕ್ಷಿಣ ಆಫ್ರಿಕಾದ 60ನೇ ಸ್ಕ್ವಾಡ್ರನ್ನಿನ ಮಸ್ಕಿಟೋ ಒಂದು ಇಟಲಿಯ ಫೋಜಾದಿಂದ ಹೊರಟು ಪೋಲೆಂಡಿನ ಮೊನೊವಿಟ್ಸ್‌ನ ಐ.ಜಿ. ಫಾರ್ಬೆನ್ ಎಂಬ ಜರ್ಮನ್ ಕಂಪನಿಯ ರಾಸಾಯನಿಕ ಕಾರ್ಖಾನೆಯ ಚಿತ್ರ ತೆಗೆಯಿತು. ಕ್ಯಾಮೆರಾ ಓಡುತ್ತಲೇ ಇತ್ತು, ಹಾಗಾಗಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಪಕ್ಕದ ಆಶ್ವಿಟ್ಸ್ ಶಿಬಿರವೂ ಚಿತ್ರದಲ್ಲಿ ಬಿತ್ತು. ಓದುವವರು ಕಾರ್ಖಾನೆಯನ್ನು ಶ್ರದ್ಧೆಯಿಂದ ಓದಿದರು, ಒಂದೊಂದು ಕಟ್ಟಡಕ್ಕೂ ಗುರುತು ಹಾಕಿದರು. ಶಿಬಿರದ ಬಗ್ಗೆ ಯಾರೂ ಅವರನ್ನು ಕೇಳಿರಲಿಲ್ಲ. ಆ ತಿಂಗಳುಗಳಲ್ಲಿ ವಿಮಾನಗಳು ಮತ್ತೆ ಮತ್ತೆ ಹೋದವು, ಚಿತ್ರಗಳು ಮತ್ತೆ ಮತ್ತೆ ಬಂದವು. 1979ರಲ್ಲಿ ಸಿಐಎಯ ಡಿನೋ ಬ್ರುಜಿಯೋನಿ, ರಾಬರ್ಟ್ ಪೊಯಿರಿಯರ್ ಆ ಫಿಲಮ್ಮುಗಳನ್ನು ತೆಗೆದು ದೊಡ್ಡದು ಮಾಡಿ ನೋಡಿದಾಗ ಅನಿಲದ ಕೋಣೆಗಳು, ರೈಲು ಬೋಗಿಗಳು, ಸಾಲಾಗಿ ನಡೆಯುತ್ತಿರುವ ಜನ ಎಲ್ಲ ಅಲ್ಲೇ ಇತ್ತು. ಮೂವತ್ತೈದು ವರ್ಷ ಡಬ್ಬಿಯಲ್ಲಿತ್ತು. ಆ ಚಿತ್ರಗಳನ್ನು ನಾನು ಕಂಪ್ಯೂಟರಿನಲ್ಲಿ ನೋಡಿದ್ದೇನೆ, ಸ್ಟೀರಿಯೋಸ್ಕೋಪಿನ ಕೆಳಗೆ ಇಡಲಿಲ್ಲ. ಇಡಲು ಮನಸ್ಸು ಬರಲಿಲ್ಲ.

ತಮ್ಮವರಿಗೇ ಬೇಡವಾದ ಸತ್ಯ ಹೇಳಿದ್ದೂ ಈ ಚಿತ್ರಗಳೇ. 1941ರ ಆಗಸ್ಟಿನಲ್ಲಿ ಬಟ್ ಎಂಬ ಅಧಿಕಾರಿ ಬಾಂಬರ್‌ಗಳ ಕ್ಯಾಮೆರಾದಲ್ಲಿ ಬಂದ ಆರುನೂರಕ್ಕೂ ಹೆಚ್ಚು ಚಿತ್ರ ಪರಿಶೀಲಿಸಿ ವರದಿ ಕೊಟ್ಟರು. ಗುರಿಗೆ ಹೊಡೆದೆವು ಅಂದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿ ಒಳಗೆ ಹೋಗಿತ್ತು.

ನಮ್ಮ ದೇಶಕ್ಕೂ ಇದರ ಎಳೆ ಬಂದಿದೆ. ಗ್ಲಿನ್ ಡೇನಿಯಲ್ ಆಮೇಲೆ ದೆಹಲಿಗೆ ಬಂದು ಇಲ್ಲಿನ ಚಿತ್ರ ಓದುವ ಕೇಂದ್ರ ನೋಡಿಕೊಂಡರು, ಸ್ಟುವರ್ಟ್ ಪಿಗಟ್ ಎಂಬ ಇನ್ನೊಬ್ಬ ಪುರಾತತ್ವಜ್ಞರೂ ಯುದ್ಧದ ಕಾಲದಲ್ಲಿ ಇಲ್ಲೇ ಇದೇ ಕೆಲಸದಲ್ಲಿದ್ದರು. 1966ರಲ್ಲಿ ಡೆಹ್ರಾಡೂನಿನಲ್ಲಿ ಚಿತ್ರ ಓದುವುದನ್ನು ಕಲಿಸಲೆಂದೇ ಸಂಸ್ಥೆ ಶುರುವಾಯಿತು, ಈಗ ಅದು ಇಸ್ರೋದ ಕೈಕೆಳಗಿದೆ. ಇತ್ತ ಜರ್ಮನಿಯಲ್ಲಿ ಈ ಹಳೆಯ ಚಿತ್ರಗಳಿಗೆ ಇವತ್ತಿಗೂ ಕೆಲಸವಿದೆ. ಒರಾನಿಯನ್‌ಬರ್ಗ್‌ನಂಥ ಊರಿನಲ್ಲಿ ಸಿಡಿಯದೆ ಹೂತುಹೋದ ಬಾಂಬುಗಳು ಎಲ್ಲಿರಬಹುದು ಅಂತ ಹುಡುಕಲು ಇವನ್ನೇ ನೋಡುತ್ತಾರೆ. ಸಿಡಿದ ಬಾಂಬು ಅಗಲದ ಗುಂಡಿ ಬಿಡುತ್ತದೆ, ಸಿಡಿಯದ್ದು ಸೂಜಿ ಚುಚ್ಚಿದಂಥ ಒಂದು ಚುಕ್ಕಿ.

ಕೊರತೆಗಳು ಇವೆ. ಪಾಕೆಟ್ ಸ್ಟೀರಿಯೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವುದು ಅಂಗೈಯಗಲ ಜಾಗ ಮಾತ್ರ. ದೊಡ್ಡ ಪ್ರಿಂಟಾದರೆ ಒಂದರ ಅಂಚು ಇನ್ನೊಂದನ್ನು ಮುಚ್ಚುತ್ತದೆ, ಅಂಚನ್ನು ಮೇಲೆ ಬಗ್ಗಿಸಿ ಹಿಡಿದು ನೋಡಬೇಕು. ಪೂರ್ತಿ ಚಿತ್ರ ಬೇಕು ಅನ್ನುವವರಿಗೆ ಕನ್ನಡಿಯದೇ ಸರಿ, ಆದರೆ ಅದು ದುಬಾರಿ, ಭಾರ. ಬಗ್ಗಿ ಕೂರುವುದರಿಂದ ಕತ್ತು ಹಿಡಿಯುತ್ತದೆ. ಮೇಜಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಎತ್ತರ ಮಾಡಿಕೊಂಡಿದ್ದೇನೆ, ಪರವಾಗಿಲ್ಲ. ಇನ್ನೊಂದು ಮುಖ್ಯ ವಿಷಯ: ಎಲ್ಲರಿಗೂ ಇದು ಕಾಣುವುದಿಲ್ಲ. ನಮ್ಮ ಯಜಮಾನರ ಒಂದು ಕಣ್ಣು ಚಿಕ್ಕಂದಿನಿಂದ ಮಂದ. ಎಷ್ಟು ಹೊತ್ತು ನೋಡಿದರೂ ಅವರಿಗೆ ಎರಡು ಚಪ್ಪಟೆ ಚಿತ್ರವೇ. ಪಕ್ಕದಲ್ಲಿ ಕೂತು ‘ಏನು ಕಾಣ್ತಿದೆ ಹೇಳು’ ಅನ್ನುತ್ತಾರೆ, ನಾನು ಹೇಳುತ್ತಾ ಹೋಗುತ್ತೇನೆ. ಕಣ್ಣಿನಲ್ಲಿ ಇಂಥ ತೊಂದರೆ ಇದ್ದವರು ಎಲ್ಲಾದರೂ ಒಮ್ಮೆ ನೋಡಿ ಆಮೇಲೆ ಕೊಳ್ಳಿ.

ಚಿತ್ರ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈಮಾನಿಕ ಚಿತ್ರಗಳ ರಾಷ್ಟ್ರೀಯ ಸಂಗ್ರಹ ಇದೆ, ಮೆಡ್ಮನ್‌ಹ್ಯಾಮ್‌ನ ಚಿತ್ರಗಳು ಈಗ ಅಲ್ಲಿವೆ. ಅಮೆರಿಕದ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲೂ ರಾಶಿ ಇದೆ. ಒಂಟಿ ಚಿತ್ರ ತೆಗೆದುಕೊಳ್ಳಬೇಡಿ, ಪಕ್ಕಪಕ್ಕದ ನಂಬರಿನ ಎರಡು ಫ್ರೇಮು ಕೇಳಿ, ಇಲ್ಲದಿದ್ದರೆ ಈ ಸಾಮಾನು ಬರೀ ಭೂತಕನ್ನಡಿ.

ಮೊದಲಿಗೇ ಪೇನೆಮುಂಡೆಗೆ ಹೋಗಬೇಡಿ. ಯಾವುದಾದರೂ ರೈಲ್ವೆ ಯಾರ್ಡಿನ ಜೋಡಿಯಿಂದ ಶುರು ಮಾಡಿ. ನನ್ನ ಹತ್ತಿರ ಅಂಥದೊಂದಿದೆ. ಬೋಗಿಗಳು ಬೆಂಕಿಪೊಟ್ಟಣ ಜೋಡಿಸಿದ ಹಾಗೆ ನಿಲ್ಲುತ್ತವೆ, ಸಿಗ್ನಲ್ ಕಂಬದ ನೆರಳು ಹಳಿಗಳ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಎರಡು ಚಿತ್ರದ ನಡುವಿನ ಆ ನಾಲ್ಕೈದು ಸೆಕೆಂಡಿನಲ್ಲಿ ಒಂದು ಎಂಜಿನ್ ಸ್ವಲ್ಪ ಮುಂದೆ ಹೋಗಿದೆ. ಹಾಗಾಗಿ ಅದೊಂದು ಮಾತ್ರ ಎರಡು ಕಣ್ಣಿಗೂ ಕೂಡಿಕೊಳ್ಳದೆ, ಅಲ್ಲೇ ನಡುಗುತ್ತಾ ನಿಂತಿರುತ್ತದೆ.